ರಕ್ತದ ಸಕ್ಕರೆ ಮತ್ತು ಮೆದುಳು: ಹತ್ತನೆಯ ತರಗತಿಗೆ ಒಂದು ಅಭ್ಯಾಸ ಪಾಠ

ವಿಷಯ: ವಿಜ್ಞಾನ
ತರಗತಿ: 10
ಘಟಕ: ನಿಯಂತ್ರಣ ಮತ್ತು ಸಹಭಾಗಿತ್ವ
ಉಪಘಟಕ: ಇನ್ಸುಲಿನ್, ರಕ್ತದ ಸಕ್ಕರೆ ಮತ್ತು ಮೆದುಳು
ಅವಧಿ: ತಲಾ 40 ನಿಮಿಷಗಳ 2 ಅವಧಿಗಳು
ಸ್ಥಳ: ಅರೇಹಳ್ಳಿಯ ಒಂದು ಪ್ರೌಢಶಾಲೆ, ಬೇಲೂರು ತಾಲ್ಲೂಕು

ಪಾಠದ ಆಯ್ಕೆ

ಈ ಘಟಕದಲ್ಲಿ ಮೆದುಳಿನ ರಚನೆ ಒಂದು ಕಡೆ ಬರುತ್ತದೆ, ಹಾರ್ಮೋನುಗಳು ಇನ್ನೊಂದು ಕಡೆ ಬರುತ್ತವೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ, ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ, ಅದು ಸಾಲದಾದರೆ ಮಧುಮೇಹ ಬರುತ್ತದೆ ಎಂಬುದನ್ನು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸಕ್ಕರೆಯ ಏರಿಳಿತದಿಂದ ಮೆದುಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಈ ಎರಡು ಭಾಗಗಳ ನಡುವೆ ಉಳಿದುಹೋಗುತ್ತದೆ. ಅಭ್ಯಾಸ ಬೋಧನೆಗೆ ನಾನು ಆ ಜಾಗವನ್ನೇ ಆರಿಸಿಕೊಂಡೆ.

ಆಯ್ಕೆಗೆ ಊರೂ ಕಾರಣ. ಅರೇಹಳ್ಳಿ ಸುತ್ತಮುತ್ತ ಕಾಫಿ ತೋಟಗಳು. ಕೊಯ್ಲಿನ ದಿನಗಳಲ್ಲಿ ಮನೆಯ ದೊಡ್ಡವರು ಬೆಳಿಗ್ಗೆಯೇ ತೋಟಕ್ಕೆ ಹೋಗುತ್ತಾರೆ, ಊಟ ತಿಂಡಿಯ ಹೊತ್ತು ಹಿಂದುಮುಂದಾಗುತ್ತದೆ. ‘ಶುಗರ್ ಮಾತ್ರೆ’ ಎಂಬ ಮಾತು ಮಕ್ಕಳಿಗೆ ಹೊಸದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ, ಎಂದರೆ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ, ಮಧುಮೇಹವಿದೆ. ಹೀಗಿರುವಾಗ ಈ ಪಾಠ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮುಗಿಯಬಾರದು ಎನಿಸಿತು.

ಪೂರ್ವಜ್ಞಾನದ ಪರೀಕ್ಷೆ

ಹಿಂದಿನ ದಿನ ಒಂದು ಸಣ್ಣ ಸನ್ನಿವೇಶವನ್ನು ಹಲಗೆಯ ಮೇಲೆ ಬರೆದು ಚೀಟಿಯಲ್ಲಿ ಉತ್ತರ ಕೇಳಿದೆ. ಹೆಸರು ಬರೆಯುವುದು ಬೇಡ ಎಂದು ಮೊದಲೇ ಹೇಳಿದ್ದೆ.

‘ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಅಜ್ಜ ಮಧ್ಯಾಹ್ನ ತೋಟದಿಂದ ಬಂದಿದ್ದಾರೆ. ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ, ಕೇಳಿದ್ದಕ್ಕೆ ಸಿಡುಕುತ್ತಾರೆ. ನೀವು ಏನು ಮಾಡುತ್ತೀರಿ?’

‘ನೀರು ಕೊಟ್ಟು ಮಲಗಿಸುತ್ತೇವೆ’ ಎಂಬುದು ಹೆಚ್ಚಿನವರ ಉತ್ತರ. ‘ಸಕ್ಕರೆ ಹಾಕದ ಕಾಫಿ ಕೊಡುತ್ತೇವೆ’ ಎಂದವರು ಹಲವರು. ‘ಶುಗರ್ ಜಾಸ್ತಿ ಆಗಿದೆ, ಇನ್ನೊಂದು ಮಾತ್ರೆ ಕೊಡಬೇಕು’ ಎಂದು ಕೆಲವರು ಬರೆದಿದ್ದರು. ‘ಅವರು ಕುಡಿದು ಬಂದಿದ್ದಾರೆ’ ಎಂದು ಬರೆದ ಚೀಟಿಗಳೂ ಇದ್ದವು. ಸಕ್ಕರೆ ಕೊಡುತ್ತೇವೆ ಎಂದವರು ಬೆರಳೆಣಿಕೆಯಷ್ಟು.

ಈ ಉತ್ತರಗಳು ಅಜ್ಞಾನದಿಂದ ಬಂದವಲ್ಲ. ಮಕ್ಕಳಿಗೆ ಒಂದು ನಿಯಮ ಚೆನ್ನಾಗಿ ಗೊತ್ತು: ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಬಾರದು. ನಿತ್ಯದ ಬದುಕಿನಲ್ಲಿ ಅದು ಒಳ್ಳೆಯ ನಿಯಮವೇ. ಆದರೆ ಸಕ್ಕರೆ ಇಳಿದುಹೋದ ಗಳಿಗೆಯಲ್ಲಿ ಅದೇ ನಿಯಮ ಪ್ರಾಣಕ್ಕೆ ಎರವಾಗಬಹುದು. ಎರಡು ಅವಧಿಗಳ ಪಾಠವನ್ನು ಈ ಗಂಟು ಬಿಡಿಸುವುದಕ್ಕೇ ಮೀಸಲಿಟ್ಟೆ.

ಬೋಧನೋದ್ದೇಶಗಳು

ಜ್ಞಾನ: ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್ ಎಂಬುದನ್ನು ವಿದ್ಯಾರ್ಥಿಗಳು ಸ್ಮರಿಸುವರು.
ತಿಳುವಳಿಕೆ: ಸಕ್ಕರೆ ಇಳಿದಾಗ ನಿಮಿಷಗಳಲ್ಲಿ ಆಗುವ ತೊಂದರೆಗೂ ಏರಿದಾಗ ವರ್ಷಗಳಲ್ಲಿ ಆಗುವ ಹಾನಿಗೂ ಇರುವ ವ್ಯತ್ಯಾಸವನ್ನು ವಿವರಿಸುವರು.
ಅನ್ವಯ: ಸನ್ನಿವೇಶ ಕೊಟ್ಟಾಗ ಲಕ್ಷಣ ಗುರುತಿಸಿ ಸರಿಯಾದ ಪ್ರಥಮ ಚಿಕಿತ್ಸೆಯನ್ನು ಹೇಳುವರು.
ಮನೋಭಾವ: ಮಧುಮೇಹವಿರುವ ಸಹಪಾಠಿಯನ್ನು ಹಂಗಿಸದೆ ನೆರವಾಗುವರು.

ಕಲಿಕೋಪಕರಣಗಳು

120 ಗ್ರಾಂ ಸಕ್ಕರೆಯ ಒಂದು ಪೊಟ್ಟಣ, ಒಂದು ಟೀ ಚಮಚ, ಅರ್ಧ ಲೋಟ ನೀರು, ಮೆದುಳಿನ ಭಾಗಗಳ ಚಾರ್ಟ್. ಸಕ್ಕರೆಯನ್ನು ಅಂಗಡಿಯಲ್ಲೇ ತೂಗಿಸಿ ತಂದರೆ ಸಾಕು.

ಪಾಠದ ಬೆಳವಣಿಗೆ

*ಹಂತ 1: ರಕ್ತದಲ್ಲಿ ಎಷ್ಟು ಸಕ್ಕರೆ ಇದೆ?*

‘ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಒಟ್ಟು ಎಷ್ಟು ಸಕ್ಕರೆ ಇರಬಹುದು?’ ಎಂದು ಕೇಳಿದೆ. ಒಂದು ಬಟ್ಟಲು, ಕಾಲು ಕೆ.ಜಿ. ಎಂಬ ಉತ್ತರಗಳು ಬಂದವು. ಲೆಕ್ಕವನ್ನು ಹಲಗೆಯ ಮೇಲೆ ಅವರಿಂದಲೇ ಮಾಡಿಸಿದೆ.

ರಕ್ತ ಸುಮಾರು 5 ಲೀಟರ್, ಎಂದರೆ 50 ಡೆಸಿಲೀಟರ್.
ಒಂದು ಡೆಸಿಲೀಟರಿನಲ್ಲಿ ಸಕ್ಕರೆ ಸುಮಾರು 90 ಮಿಲಿಗ್ರಾಂ.
50 × 90 = 4500 ಮಿಲಿಗ್ರಾಂ, ಎಂದರೆ 4.5 ಗ್ರಾಂ.

ಚಮಚದಲ್ಲಿ ಸಕ್ಕರೆ ತೆಗೆದು ತೋರಿಸಿದೆ. ಇಡೀ ರಕ್ತದಲ್ಲಿ ಹರಿಯುವುದು ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ಸಕ್ಕರೆ. ತರಗತಿ ಒಂದು ಕ್ಷಣ ಸದ್ದಿಲ್ಲದೆ ಕುಳಿತಿತು.

ಆಮೇಲೆ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ದಿನಕ್ಕೆ ಅದಕ್ಕೆ ಬೇಕಾದ ಗ್ಲೂಕೋಸ್ ಸುಮಾರು 120 ಗ್ರಾಂ, 24ರಿಂದ ಭಾಗಿಸಿದರೆ ಗಂಟೆಗೆ 5 ಗ್ರಾಂ. ‘ಹಾಗಾದರೆ ರಕ್ತದಲ್ಲಿರೋದು ಒಂದು ಗಂಟೆಗೂ ಸಾಲಲ್ವಲ್ಲ ಮೇಡಂ!’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ. ಆ ಮಾತು ಮಕ್ಕಳ ಬಾಯಿಂದಲೇ ಬರಬೇಕು, ನಾವು ಮೊದಲೇ ಹೇಳಿಬಿಡಬಾರದು.

*ಹಂತ 2: ಮೆದುಳಿಗೆ ಟ್ಯಾಂಕ್ ಇಲ್ಲ*

ಎರಡು ಮನೆಗಳ ಚಿತ್ರ ಬರೆದೆ. ಒಂದರ ತಾರಸಿಯ ಮೇಲೆ ನೀರಿನ ಟ್ಯಾಂಕ್ ಇದೆ, ಇನ್ನೊಂದು ನೇರ ನಲ್ಲಿಯನ್ನೇ ನಂಬಿದೆ. ನಲ್ಲಿ ನಿಂತರೆ ಯಾವ ಮನೆಯ ಅಡುಗೆ ಮೊದಲು ನಿಲ್ಲುತ್ತದೆ? ಉತ್ತರ ಹೇಳಿಕೊಡಬೇಕಾಗಲಿಲ್ಲ.

ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಪಿತ್ತಜನಕಾಂಗ, ಅಂದರೆ ಲಿವರ್, ತಾನು ಕೂಡಿಟ್ಟಿದ್ದನ್ನು ಹೊತ್ತು ನೋಡಿ ರಕ್ತಕ್ಕೆ ಬಿಡುತ್ತದೆ. ರಾತ್ರಿಯೆಲ್ಲ ಏನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಎಚ್ಚರವಾಗುವುದು ಅದರಿಂದಲೇ. ಮೆದುಳಿನಲ್ಲಿ ಮಾತ್ರ ಹೆಸರಿಗಷ್ಟೇ ದಾಸ್ತಾನು. ಹಲವು ದಿನ ಉಪವಾಸವಿದ್ದಾಗ ಕೊಬ್ಬಿನಿಂದ ಬರುವ ಕೀಟೋನುಗಳನ್ನು ಅದು ಬಳಸುವುದುಂಟು. ಆದರೆ ಸಕ್ಕರೆ ಥಟ್ಟನೆ ಇಳಿದಾಗ ಆ ದಾರಿ ಕೈಗೆ ಸಿಗುವುದಿಲ್ಲ.

ಇಲ್ಲಿ ಇನ್ನೊಂದು ಅಂಶ ಸೇರಿಸಬೇಕು. ವಿಶ್ರಾಂತಿಯಲ್ಲಿರುವ ಸ್ನಾಯುವಿನ ಕೋಶದೊಳಕ್ಕೆ ಸಕ್ಕರೆ ಹೋಗಲು ಇನ್ಸುಲಿನ್ ಬಾಗಿಲು ತೆರೆಯಬೇಕು. ನರಕೋಶಗಳು ಬಹುಮಟ್ಟಿಗೆ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸ್ ತೆಗೆದುಕೊಳ್ಳುತ್ತವೆ. ಆದ್ದರಿಂದ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದೇ ಮೆದುಳಿಗೆ ನಿರ್ಣಾಯಕ.

*ಹಂತ 3: ಇಳಿದಾಗ*

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: ‘ಶುಗರ್ ಜಾಸ್ತಿ ಇರೋರ್ಗೆ ಅದು ಕಡಿಮೆ ಹೆಂಗಾಗುತ್ತೆ ಮೇಡಂ?’

ಇಡೀ ಪಾಠದ ಕೀಲಿ ಈ ಪ್ರಶ್ನೆ. ಹಿಮ್ಮಾಹಿತಿ ವ್ಯವಸ್ಥೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ನಮ್ಮ ದೇಹದಲ್ಲಿ ಸಕ್ಕರೆ ಇಳಿದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಆದರೆ ಚುಚ್ಚಿಕೊಂಡ ಇನ್ಸುಲಿನ್ನನ್ನು ದೇಹ ಹಿಂದಕ್ಕೆ ಪಡೆಯಲಾರದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಊಟ ಮಾಡಿದರೂ ಬಿಟ್ಟರೂ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಬೆಳಿಗ್ಗೆ ಮಾತ್ರೆ ನುಂಗಿ, ರೊಟ್ಟಿ ತಿನ್ನುವುದನ್ನು ಮುಂದೂಡಿ, ಏರು ಜಾಗದಲ್ಲಿ ಹಣ್ಣು ಬಿಡಿಸುತ್ತ ನಿಂತರೆ ಔಷಧಿಯೂ ಸಕ್ಕರೆಯನ್ನು ಇಳಿಸುತ್ತದೆ, ದುಡಿಯುವ ಸ್ನಾಯುಗಳೂ ಎಳೆದುಕೊಳ್ಳುತ್ತವೆ, ಹೊಟ್ಟೆಯಿಂದ ಮಾತ್ರ ಏನೂ ಬರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮದ್ಯ ಸೇವಿಸಿದರೆ ಪಿತ್ತಜನಕಾಂಗ ಸಕ್ಕರೆ ತಯಾರಿಸಿ ಬಿಡುವ ಕೆಲಸವೂ ಕುಂಠಿತವಾಗುತ್ತದೆ.

ಲಕ್ಷಣಗಳನ್ನು ಎರಡು ಗುಂಪು ಮಾಡಿ ಬರೆದೆ. ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಎಚ್ಚರಿಕೆಯ ಮಟ್ಟ. ಆಗ ಅಡ್ರಿನಲಿನ್ ಹೊರಡುತ್ತದೆ. ಬೆವರು, ನಡುಕ, ಎದೆ ಡವಗುಟ್ಟುವುದು, ಹಸಿವು ಇವು ದೇಹ ಬಾರಿಸುವ ಗಂಟೆಗಳು. 54ಕ್ಕಿಂತ ಕೆಳಗಿಳಿದರೆ ಮೆದುಳಿನ ಕೆಲಸವೇ ಏರುಪೇರಾಗುತ್ತದೆ. ಈ ಎರಡನೆಯ ಗುಂಪಿಗೆ ಹಿಂದಿನ ವಾರ ಕಲಿತ ಮೆದುಳಿನ ಚಾರ್ಟನ್ನು ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಂದಲೇ ಹೊಂದಿಸಿದೆ. ಮಾತು ತೊದಲುವುದು, ಲೆಕ್ಕ ತಪ್ಪುವುದು, ಸಿಡುಕು, ಗೊಂದಲ ಇವು ಯೋಚನೆ ಮತ್ತು ಮಾತಿನ ನೆಲೆಯಾದ ಮುಮ್ಮೆದುಳಿಗೆ. ನಡಿಗೆ ತಪ್ಪುವುದು ಸಮತೋಲನ ಕಾಯುವ ಅನುಮಸ್ತಿಷ್ಕಕ್ಕೆ. ಉಸಿರಾಟ, ಹೃದಯಬಡಿತ ನೋಡಿಕೊಳ್ಳುವ ಮೆಡುಲ್ಲಾ ಕೊನೆಯವರೆಗೂ ತಡೆದುಕೊಳ್ಳುತ್ತದೆ. ಅದರಿಂದಲೇ ಪ್ರಜ್ಞೆ ತಪ್ಪಿದವರ ಉಸಿರು ನಡೆಯುತ್ತಿರುತ್ತದೆ. ‘ಉಸಿರಾಡ್ತಿದಾರಲ್ಲ, ನಿದ್ದೆ ಮಾಡ್ಲಿ ಬಿಡು’ ಎಂದು ಮನೆಯವರು ಮೋಸ ಹೋಗುವುದು ಇಲ್ಲೇ. ತೀವ್ರ ಕುಸಿತ ಬಹಳ ಹೊತ್ತು ಮುಂದುವರಿದರೆ ಅಪಸ್ಮಾರದಂಥ ಸೆಳೆತ ಬರಬಹುದು, ನರಕೋಶಗಳು ಶಾಶ್ವತವಾಗಿ ಹಾನಿಗೊಳ್ಳಬಹುದು.

ತೊದಲು, ತೂರಾಡುವ ನಡಿಗೆ, ಸಿಡುಕು ಮೂರನ್ನೂ ಒಟ್ಟಿಗೆ ನೋಡಿದವರು ಕುಡಿತ ಎಂದುಕೊಳ್ಳುವುದು ಸಹಜ. ಪಾರ್ಶ್ವವಾಯು ಎಂದುಕೊಳ್ಳುವುದೂ ಉಂಟು. ಇಂಥವರು ಬಂದಾಗ ಆಸ್ಪತ್ರೆಗಳಲ್ಲಿ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುವುದು ಅದಕ್ಕೇ. ಬಹಳ ವರ್ಷಗಳಿಂದ ಮಧುಮೇಹವಿರುವ ಕೆಲವರಲ್ಲಿ ಬೆವರು, ನಡುಕದ ಎಚ್ಚರಿಕೆಯೇ ಮಂಕಾಗಿರುತ್ತದೆ. ಅಂಥವರಲ್ಲಿ ಮೊದಲು ಕಾಣುವುದು ವರ್ತನೆಯ ಬದಲಾವಣೆ. ಅವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ, ಪಕ್ಕದಲ್ಲಿರುವವರಿಗೆ ತಿಳಿಯಬೇಕು.

*ಪ್ರಾತ್ಯಕ್ಷಿಕೆ.* ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ತೋರಿಸಿದೆ. ಇದು ಸುಮಾರು 15 ಗ್ರಾಂ. ಎಚ್ಚರವಿದ್ದು ನುಂಗಬಲ್ಲವರಿಗೆ ಇದನ್ನು ಕುಡಿಸಬೇಕು. 15 ನಿಮಿಷ ಕಾದು ನೋಡಬೇಕು. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ಊಟ ಮಾಡಿಸಬೇಕು. ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು, ಹಾಗಾಗಿ ಆಸ್ಪತ್ರೆಗೆ ತೋರಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುಗಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

‘ಒಂದು ವೇಳೆ ಅವರಿಗೆ ಜಾಸ್ತಿನೇ ಆಗಿದ್ದು, ನಾವು ಸಕ್ಕರೆ ಕೊಟ್ಟುಬಿಟ್ರೆ?’ ಎಂಬ ಪ್ರಶ್ನೆ ಬಂತು. ಬರದಿದ್ದರೆ ಬೋಧಕರೇ ಎತ್ತಬೇಕಾದ ಪ್ರಶ್ನೆ ಇದು. ಅಳೆಯುವ ಯಂತ್ರ ಕೈಯಲ್ಲಿಲ್ಲದೆ ಅನುಮಾನವಿದ್ದಾಗ ಸಕ್ಕರೆ ಕೊಡುವುದೇ ಸರಿ. ಏರಿದ ಸಕ್ಕರೆಗೆ ಮೂರು ಚಮಚ ಸೇರಿದರೆ ಆ ಗಳಿಗೆಯಲ್ಲಿ ಆಗುವ ಹೆಚ್ಚುವರಿ ಹಾನಿ ಅಲ್ಪ. ಇಳಿದ ಸಕ್ಕರೆಯನ್ನು ಹಾಗೇ ಬಿಟ್ಟರೆ ಆಗುವ ಹಾನಿ ದೊಡ್ಡದು.

*ಹಂತ 4: ಏರಿದಾಗ*

ಎರಡನೆಯ ಅವಧಿಯನ್ನು ಇದಕ್ಕೆ ಇಟ್ಟುಕೊಂಡೆ. ಇಳಿತದ ತೊಂದರೆ ನಿಮಿಷಗಳದ್ದು, ಏರಿಕೆಯ ತೊಂದರೆ ಹೆಚ್ಚಾಗಿ ವರ್ಷಗಳದ್ದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೇ ಕಂಡರೆ ಮಧುಮೇಹ ಎನ್ನುತ್ತಾರೆ. 150, 200 ಇದ್ದರೂ ಹಲವರಿಗೆ ಏನೂ ಅನಿಸುವುದಿಲ್ಲ. ‘ನಂಗೇನೂ ಆಗಿಲ್ಲ, ಚೆನ್ನಾಗೇ ಇದೀನಿ’ ಎಂದು ಔಷಧಿ ಬಿಡುವವರು ಇರುವುದು ಈ ಕಾರಣಕ್ಕೆ. ಆದರೆ ವರ್ಷಗಟ್ಟಲೆ ಏರಿದ ಸಕ್ಕರೆ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ಕಣ್ಣು, ಮೂತ್ರಪಿಂಡ, ಪಾದ ಕೆಡುವುದನ್ನು ಮಕ್ಕಳು ಕೇಳಿದ್ದಾರೆ. ಮೆದುಳಿನೊಳಗೂ ಅಂಥವೇ ಸಣ್ಣ ನಾಳಗಳಿವೆ. ಮಧುಮೇಹವಿರುವವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ವಯಸ್ಸಾದ ಮೇಲೆ ನೆನಪಿನ ಶಕ್ತಿ ಕುಂದುವ ಡಿಮೆನ್ಷಿಯಾ ಅವರಲ್ಲಿ ಹೆಚ್ಚಾಗಿ ಕಾಣುತ್ತದೆ. ತಡೆಯಲು ಸಾಧ್ಯವಿರುವ ಡಿಮೆನ್ಷಿಯಾದ ಅಪಾಯಕಾರಿ ಅಂಶಗಳು 14 ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿತು. ಅವುಗಳಲ್ಲಿ ಮಧುಮೇಹವೂ ಒಂದು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ವಿಷಯ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ನೆನಪು, ಯೋಚನಾಶಕ್ತಿ, ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ವರ್ಷವರ್ಷವೂ ಪರೀಕ್ಷಿಸುವ ದೀರ್ಘ ಅಧ್ಯಯನ ನಡೆಸುತ್ತಿದ್ದಾರೆ. 10,000 ಮಂದಿಯನ್ನು ಒಳಗೊಳ್ಳುವ ಗುರಿ ಅದರದು. ರಾಗಿ ತಿಂದು ಹೊಲದಲ್ಲಿ ದುಡಿಯುವವರ ಮೆದುಳನ್ನೂ ವಿಜ್ಞಾನಿಗಳು ಇಷ್ಟು ಅಕ್ಕರೆಯಿಂದ ನೋಡುತ್ತಾರೆ ಎಂಬುದು ಮಕ್ಕಳಿಗೆ ಅಚ್ಚರಿ ತಂದಿತು.

ಇಲ್ಲಿ ಒಂದು ಎಚ್ಚರಿಕೆ. ನಲ್ಲಿಯ ಹೋಲಿಕೆಯನ್ನು ಇಲ್ಲಿಗೂ ಎಳೆದರೆ ‘ಸಕ್ಕರೆ ಹರಳು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ’ ಎಂಬ ಚಿತ್ರ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ. ಸಕ್ಕರೆ ರಕ್ತದಲ್ಲಿ ಕರಗಿಯೇ ಇರುತ್ತದೆ, ಕೆಡುವುದು ನಾಳದ ಗೋಡೆ. ಆದ್ದರಿಂದ ಹೋಲಿಕೆಯನ್ನು ಎರಡನೆಯ ಹಂತಕ್ಕೇ ನಿಲ್ಲಿಸುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆಗೂ ಸಿದ್ಧರಿರಬೇಕು. ‘ಬಸುರಿಗೆ ಶುಗರ್ ಇದ್ರೆ ಹುಟ್ಟೋ ಮಗು ದಡ್ಡ ಆಗುತ್ತಂತೆ, ನಿಜನಾ?’ ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಇದಕ್ಕೆ ಮೈಸೂರಿನಲ್ಲೇ ಉತ್ತರ ಹುಡುಕಿದ್ದಾರೆ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳು 9–10 ವರ್ಷದವರಾದಾಗ ಕಲಿಕೆ, ನೆನಪು, ಭಾಷಾಶಕ್ತಿಯ ಪರೀಕ್ಷೆ ಕೊಟ್ಟರು. ಗರ್ಭಾವಸ್ಥೆಯ ಮಧುಮೇಹವಿದ್ದ ತಾಯಂದಿರ ಮಕ್ಕಳು ಹಿಂದೆ ಬಿದ್ದಿರಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ಅಂಥ ಮಕ್ಕಳ ಸಂಖ್ಯೆ ಚಿಕ್ಕದಾದ್ದರಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಆದರೆ ಯಾವ ಮಗುವನ್ನೂ ತಾಯಿಯ ಕಾಯಿಲೆಯಿಂದ ಅಳೆಯಬಾರದು ಎನ್ನಲು ಅಷ್ಟು ಸಾಕು.

ತರಗತಿಯಲ್ಲೇ ಮಧುಮೇಹವಿರುವ ಮಗು ಇದ್ದರೆ

ಮಕ್ಕಳಲ್ಲಿ ಬರುವುದು ಹೆಚ್ಚಾಗಿ ಟೈಪ್ 1 ಮಧುಮೇಹ. ಅವರ ದೇಹ ಇನ್ಸುಲಿನ್ನನ್ನು ತಯಾರಿಸುವುದೇ ನಿಂತಿರುತ್ತದೆ, ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕು. ಸಿಹಿ ತಿಂದದ್ದರಿಂದ ಅದು ಬರುವುದಿಲ್ಲ. ಆಟದ ಅವಧಿಯ ನಂತರ, ಊಟಕ್ಕೆ ಮುಂಚೆ ಅಂಥ ಮಗು ಮಂಕಾಗಿ ಕುಳಿತರೆ, ಅಕ್ಷರ ಸೊಟ್ಟಗಾದರೆ, ಕಾರಣವಿಲ್ಲದೆ ಎದುರುತ್ತರ ಕೊಟ್ಟರೆ ಮೊದಲು ಸಕ್ಕರೆ ಇಳಿದಿದೆಯೇ ಎಂದು ನೋಡಬೇಕು, ಶಿಸ್ತಿನ ಮಾತು ಆಮೇಲೆ. ಮಗುವನ್ನು ಒಂಟಿಯಾಗಿ ಹೊರಗೆ ಕಳಿಸಬಾರದು.

ಪತ್ತೆಯಾಗದ ಮಗುವಿನ ಲಕ್ಷಣಗಳು ಬೇರೆ. ಪದೇಪದೇ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಕೇಳುವುದು, ತಿಂದರೂ ತೆಳ್ಳಗಾಗುವುದು, ಸುಸ್ತು. ಅಂಥ ಮಗು ವಾಂತಿ ಮಾಡಿಕೊಂಡು, ಜೋರಾಗಿ ಆಳವಾಗಿ ಉಸಿರಾಡುತ್ತ, ಮಂಪರಿಗೆ ಜಾರಿದರೆ ರಕ್ತದಲ್ಲಿ ಕೀಟೋನುಗಳು ತುಂಬಿರಬಹುದು. ಅದು ತುರ್ತು ಸ್ಥಿತಿ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ದಿನವೂ ಮಕ್ಕಳ ಮುಖ ನೋಡುವ ಶಿಕ್ಷಕರಿಗೆ ಈ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ.

2017ರಲ್ಲಿ ಸಿಬಿಎಸ್‌ಇ ಮಂಡಳಿ 10 ಮತ್ತು 12ನೇ ತರಗತಿಯ ಪರೀಕ್ಷೆಗೆ ಕೂರುವ ಟೈಪ್ 1 ಮಧುಮೇಹದ ಮಕ್ಕಳಿಗೆ ಸಕ್ಕರೆ ಗುಳಿಗೆ, ಹಣ್ಣು, ತಿಂಡಿ, ನೀರು ಒಯ್ಯಲು ಅನುಮತಿ ಕೊಟ್ಟಿತು. ತರಗತಿಯಲ್ಲೂ ನಾವು ಅಷ್ಟು ಮಾಡಬಹುದು. ಆ ಮಗುವಿಗೆ ನಡುವೆ ತಿನ್ನಲು ಬಿಡುವುದು ಸಲಿಗೆಯಲ್ಲ, ಅದರ ಮೆದುಳಿಗೆ ಇಂಧನ ಒದಗಿಸುವುದು.

ಕಪ್ಪುಹಲಗೆಯ ಸಾರಾಂಶ

1. ರಕ್ತದ ಒಟ್ಟು ಸಕ್ಕರೆ ಸುಮಾರು 1 ಟೀ ಚಮಚ. ಮೆದುಳಿಗೆ ಗಂಟೆಗೆ ಬೇಕಾದದ್ದೂ ಸುಮಾರು ಅಷ್ಟೇ.
2. ಮೆದುಳು ಸಕ್ಕರೆಯನ್ನು ಹೆಚ್ಚು ಕೂಡಿಡಲಾರದು.
3. ಇಳಿತ: ಬೆವರು, ನಡುಕ, ತೊದಲು, ಗೊಂದಲ. ಕೂಡಲೇ ಸಕ್ಕರೆ ನೀರು.
4. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಬೇಡ. ಮಗ್ಗುಲು, 108.
5. ಏರಿಕೆ: ಸದ್ದಿಲ್ಲದೆ ವರ್ಷಗಟ್ಟಲೆ ಹಾನಿ. ಔಷಧಿ, ಹೊತ್ತಿಗೆ ಊಟ, ನಡಿಗೆ, ತಪಾಸಣೆ.

ಮೌಲ್ಯಮಾಪನ

1. ಸ್ನಾಯುವಿಗಿಂತ ಮೆದುಳಿಗೆ ಸಕ್ಕರೆಯ ಇಳಿತ ಬೇಗ ತಟ್ಟುತ್ತದೆ. ಏಕೆ?
2. ಮಧುಮೇಹವಿರುವವರಿಗೆ ಸಕ್ಕರೆ ಕೊಡಲೇಬೇಕಾದ ಸಂದರ್ಭ ಯಾವುದು?
3. ಪ್ರಜ್ಞೆ ತಪ್ಪಿದವರಿಗೆ ಸಕ್ಕರೆ ನೀರು ಕುಡಿಸಬಾರದೇಕೆ?
4. ‘ನನಗೇನೂ ತೊಂದರೆ ಕಾಣುತ್ತಿಲ್ಲ, ಮಾತ್ರೆ ಬಿಡುತ್ತೇನೆ’ ಎನ್ನುವವರಿಗೆ ನೀವು ಏನು ಹೇಳುತ್ತೀರಿ?

ಎರಡನೆಯ ಪ್ರಶ್ನೆಗೆ ಬಹುತೇಕ ಎಲ್ಲರೂ ಸರಿಯಾಗಿ ಬರೆದರು. ಒಂದನೆಯದಕ್ಕೆ ಹಲವರು ಟ್ಯಾಂಕಿನ ಚಿತ್ರವನ್ನೇ ಬರೆದು ವಿವರಿಸಿದ್ದರು. ನಾಲ್ಕನೆಯದು ಕಷ್ಟವಾಯಿತು. ಕಾಣದ ಹಾನಿಯನ್ನು ನಂಬಿಸುವುದು ನಮಗೇ ಕಷ್ಟ, ಮಕ್ಕಳಿಗೆ ಇನ್ನೂ ಕಷ್ಟ. ಅದಕ್ಕೆ ಇನ್ನೊಂದು ಚಟುವಟಿಕೆ ಬೇಕು.

ಗೃಹಪಾಠ

ಮನೆಯಲ್ಲಾಗಲಿ ನೆರೆಯಲ್ಲಾಗಲಿ ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರಿದ್ದರೆ, ಅವರು ಒಪ್ಪಿದರೆ, ಎರಡು ಹೊತ್ತುಗಳನ್ನು ಬರೆದು ತರಲು ಹೇಳಿದೆ: ಔಷಧಿ ತೆಗೆದುಕೊಳ್ಳುವ ಹೊತ್ತು, ಆಮೇಲೆ ತಿನ್ನುವ ಹೊತ್ತು. ಹೆಸರು, ಸಂಬಂಧ ಬೇಡ. ‘ಯಾರ ಮನೆಯಲ್ಲಿ ಶುಗರ್ ಇದೆ, ಕೈ ಎತ್ತಿ’ ಎಂದು ತರಗತಿಯಲ್ಲಿ ಕೇಳಲೇಬಾರದು.

ಬಂದ ಚೀಟಿಗಳಲ್ಲಿ ಕೆಲವನ್ನು ನೋಡಿ ಯೋಚನೆಯಾಯಿತು. ಒಂದರಲ್ಲಿ ‘ಮಾತ್ರೆ 6.30, ರೊಟ್ಟಿ 10.30’ ಎಂದಿತ್ತು. ಇಂಥಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವು ವೈದ್ಯರಾಗಬಾರದು. ಮಾತ್ರೆ ಬಿಡಿ, ಅರ್ಧ ಮಾಡಿ ಎಂಬ ಸಲಹೆ ನಮ್ಮ ಬಾಯಿಂದ ಬರಬಾರದು. ‘ಈ ಚೀಟಿಯನ್ನು ಆಶಾ ಕಾರ್ಯಕರ್ತೆಗೋ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೋ ತೋರಿಸಿ, ಮಾತ್ರೆಗೂ ಊಟಕ್ಕೂ ಎಷ್ಟು ಅಂತರ ಇರಬೇಕು ಎಂದು ಕೇಳಿಸಿ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಕ್ಕರೆ ಇರಲಿ’ ಎಂದಷ್ಟೇ ಇಡೀ ತರಗತಿಗೆ ಹೇಳಿದೆ.

ಈ ಪಾಠ ಮಾಡುವವರಿಗೆ

ಒಂದೇ ಅವಧಿಯಲ್ಲಿ ಮುಗಿಸಲು ಹೋದರೆ ಏರಿಕೆ, ಇಳಿತಗಳ ಲಕ್ಷಣಗಳು ಮಕ್ಕಳ ಮನಸ್ಸಿನಲ್ಲಿ ಕಲಸಿಹೋಗುತ್ತವೆ. ಎರಡರ ನಡುವೆ ಒಂದು ದಿನದ ಬಿಡುವಿರಲಿ. ಇಳಿತವನ್ನೇ ಮೊದಲು ಮಾಡಿ, ಏಕೆಂದರೆ ಮನೆಯಲ್ಲಿ ಮೊದಲು ಬೇಕಾಗುವುದು ಅದೇ. ಸಾಧ್ಯವಾದರೆ ನವೆಂಬರ್ 14ರ ಆಸುಪಾಸಿನಲ್ಲಿ ಪಾಠ ಇಟ್ಟುಕೊಳ್ಳಿ. ನಮಗೆ ಅದು ಮಕ್ಕಳ ದಿನಾಚರಣೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ ಆದ್ದರಿಂದ ಜಗತ್ತು ಅದನ್ನು ಮಧುಮೇಹ ದಿನವೆಂದು ಆಚರಿಸುತ್ತದೆ. ಅರೇಹಳ್ಳಿಯಂಥ ಊರುಗಳಲ್ಲಿ ಕಾಫಿ ಹಣ್ಣಾಗುವುದೂ ಆ ಹೊತ್ತಿಗೇ. ಕೊಯ್ಲಿನ ಗಡಿಬಿಡಿ ಜೋರಾಗುವ ಮುನ್ನ ಈ ಮಾತು ಮನೆ ಮುಟ್ಟಿದರೆ ಒಳ್ಳೆಯದು.